ಶುಭ್ರಣ್ಣನ ನೇರಳೆ ಹವಳ

ಶುಭ್ರಣ್ಣ ಯಾರ ಮನೆಗೆ ಹೋದರೂ ಮೊದಲು ನೋಡುವುದು ಕಿಟಕಿಯ ಪರದೆಗಳನ್ನು. ಎದುರಿಗೆ ಕುಳಿತವರು ಕಷ್ಟಸುಖ ಹೇಳಿಕೊಳ್ಳುತ್ತಿದ್ದರೆ ಇವನ ಕಣ್ಣು ಅವರ ಕಾಲರಿನ ಮೇಲಿರುತ್ತದೆ. "ಅದು ಟೀ ಚೆಲ್ಲಿದ್ದಲ್ವಾ? ಅಂಗಡಿಗೆ ಕಳಿಸಿ, ಹೋಗುತ್ತೆ" ಎಂದು ಮಾತಿನ ಮಧ್ಯದಲ್ಲೇ ಹೇಳಿಬಿಡುತ್ತಾನೆ. ಕಣ್ಣಲ್ಲಿ ನೀರು ತಂದುಕೊಂಡವರು ಅಳುವುದನ್ನು ಬಿಟ್ಟು ತಮ್ಮ ಅಂಗಿಯನ್ನೇ ನೋಡಿಕೊಳ್ಳುತ್ತಾರೆ. ಇದಕ್ಕಾಗಿ ಯಾರೂ ಅವನ ಮೇಲೆ ಬೇಸರ ಮಾಡಿಕೊಂಡಿಲ್ಲ, ಏಕೆಂದರೆ ಅಂಗಡಿಗೆ ಕಳಿಸಿದರೆ ಕಲೆ ನಿಜವಾಗಿಯೂ ಹೋಗುತ್ತದೆ.

ಲಾಂಡ್ರಿ ಮೊದಲು ಅವನ ಸೋದರಮಾವನದಾಗಿತ್ತು. ಮೀಸೆ ಮೂಡುವ ಮೊದಲೇ ಅಲ್ಲಿಗೆ ಬಂದು ಸೇರಿಕೊಂಡವನು ಸೋಪಿನ ನೊರೆ, ಬಿಸಿ ಆವಿ, ಒಣಗಿದ ಬಟ್ಟೆಯ ವಾಸನೆ ಇವುಗಳ ನಡುವೆಯೇ ದೊಡ್ಡವನಾದ. ಕಾಫಿ ಕಲೆಗೆ ಯಾವ ನೀರು, ಮಸಿಗೆ ಯಾವ ದ್ರಾವಣ, ರೇಷ್ಮೆಗೆ ಎಷ್ಟು ಬಿಸಿ ಎಲ್ಲವೂ ಅವನ ಬೆರಳಿಗೆ ಗೊತ್ತು. ಗಿರಾಕಿಗಳೇ ಪ್ರೀತಿಯಿಂದ ಶುಭ್ರಣ್ಣ ಎಂದು ಕರೆಯತೊಡಗಿದರು. ಹೆಸರಿಟ್ಟವರಿಗೆ ತಾವು ಮಾಡಿದ್ದೇನು ಎಂದು ಗೊತ್ತಿರಲಿಲ್ಲ. ಆ ಹೆಸರು ಬಂದಮೇಲೆ ಅವನ ಹುಚ್ಚು ಇಮ್ಮಡಿಯಾಯಿತು. ಅಂಗಡಿಯ ಮೇಲಿನ ಮಹಡಿಯೇ ಮನೆ. ಅಲ್ಲಿ ಕಾಲೊರಸು ಕೂಡ ಇಸ್ತ್ರಿಯಾಗಿರುತ್ತದೆ. ಹೊಸದಾಗಿ ಬಂದವರು ಅದರ ಮೇಲೆ ಕಾಲಿಡಲು ಹೆದರಿ ದಾಟಿಕೊಂಡು ಒಳಗೆ ಬರುತ್ತಾರೆ.

ಅವನ ಹೆಂಡತಿ ಕೆಳಗೆ ಕೌಂಟರಿನಲ್ಲಿ ಕೂರುತ್ತಾಳೆ. ಯಾವ ಅಂಗಿ ಯಾರದೆಂದು ಗುಂಡಿ ನೋಡಿಯೇ ಹೇಳುವ ಹೆಂಗಸು. ಗಂಡನ ಹುಚ್ಚನ್ನು ಸಹಿಸಿಕೊಂಡಿದ್ದಾಳೆ ಎಂದರೆ ಸುಳ್ಳಾಗುತ್ತದೆ. ಅವನನ್ನು ಗೇಲಿ ಮಾಡಿಕೊಂಡು ಸುಖವಾಗಿದ್ದಾಳೆ. ಪಕ್ಕದ ಅಂಗಡಿಯ ದರ್ಜಿಯ ಅಳತೆ ಟೇಪು ಕೊಳೆಯಾಗಿದೆ ಎಂದು ಇವನು ಒಮ್ಮೆ ಕೇಳದೆಯೇ ಒಯ್ದು ತೊಳೆದುಕೊಟ್ಟಿದ್ದ. ದರ್ಜಿ ಅದನ್ನು ಗಿರಾಕಿಯ ಸೊಂಟಕ್ಕೆ ಸುತ್ತಿ ನೋಡಿದರೆ ಟೇಪಿನ ಮೇಲೆ ಒಂದೇ ಒಂದು ಅಂಕಿಯೂ ಉಳಿದಿರಲಿಲ್ಲ. ಈ ಕತೆಯನ್ನು ಅವಳು ಹೇಳದೆ ಬಿಟ್ಟ ನೆಂಟರಿಲ್ಲ.

ಆ ದರ್ಜಿಯೇ ಶುಭ್ರಣ್ಣನಿಗೆ ಹವಳದ ಹುಚ್ಚು ಹಿಡಿಸಿದವನು. ಹೊಲಿಗೆ ಯಂತ್ರದ ಹಿಂದೆ ಒಂದು ದೊಡ್ಡ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಅವನು ಹವಳ ಬೆಳೆಸುತ್ತಿದ್ದ. ಮಧ್ಯಾಹ್ನ ಕೆಲಸ ತಗ್ಗಿದ ಹೊತ್ತಿಗೆ ಇಬ್ಬರೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. "ಎಂಥ ಚೆಂದದ ಗಿಡ" ಎಂದು ಶುಭ್ರಣ್ಣ ಹೇಳಿದರೆ ದರ್ಜಿಗೆ ಸಿಟ್ಟು ಬರುತ್ತಿತ್ತು. "ಗಿಡ ಅಲ್ಲ ಕಣೋ, ಜೀವ. ಒಂದಲ್ಲ, ಸಾವಿರ ಪುಟ್ಟ ಜೀವಗಳು ಒಟ್ಟಿಗೆ ಮನೆ ಕಟ್ಟಿಕೊಂಡು ಕೂತಿವೆ. ಒಂದೊಂದಕ್ಕೂ ಬಾಯಿ ಇದೆ, ನೋಡು." ಹಾಗೆ ಬೈದವನೇ ಒಂದು ದಿನ ತನ್ನ ನೇರಳೆ ಬಣ್ಣದ ಹವಳದಿಂದ ಹೆಬ್ಬೆರಳುದ್ದದ ಕೊಂಬೆ ಮುರಿದು, ಕಲ್ಲಿಗೆ ಅಂಟಿಸಿ ಗೆಳೆಯನ ಕೈಗಿಟ್ಟ. ಆ ಒಂದು ಕೊಂಬೆಗಾಗಿ ಶುಭ್ರಣ್ಣನ ಹಾಲ್‌ಗೆ ಒಂದು ತೊಟ್ಟಿ ಬಂತು, ದೀಪ ಬಂತು, ಪಂಪು ಬಂತು, ನಾಲ್ಕಾರು ಮೀನುಗಳೂ ಬಂದವು. ಕೊಂಬೆ ಬೆಳೆದು ಪೊದೆಯಾಯಿತು.

ಆಮೇಲೆ ದರ್ಜಿ ಅಂಗಡಿಯನ್ನು ಪಟ್ಟಣದ ಇನ್ನೊಂದು ತುದಿಗೆ ಸಾಗಿಸಿದ. ಅಲ್ಲಿ, ಅವನು ಅಂಗಡಿಯಲ್ಲಿಲ್ಲದಾಗ, ತೊಟ್ಟಿಯ ನೀರು ಬೆಚ್ಚಗಿಡುವ ಹೀಟರ್ ಕೆಟ್ಟು ನಿಲ್ಲದೆ ಉರಿಯಿತು. ಬಂದು ನೋಡಿದರೆ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ, ಒಂದು ಜೀವವೂ ಉಳಿದಿರಲಿಲ್ಲ. ತೊಟ್ಟಿಯನ್ನು ತಾರಸಿಗೆ ಸಾಗಿಸಿ ಬಾಯಿಗೆ ಬೀಗ ಹಾಕಿಕೊಂಡ. ಹವಳದ ಮಾತೆತ್ತಿದರೆ ಬಟ್ಟೆಯ ಮಾತಾಡುತ್ತಿದ್ದ. ಎಷ್ಟೋ ಕಾಲದ ನಂತರ ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ.

"ಮತ್ತೆ ತೊಟ್ಟಿ ಇಟ್ಟಿದ್ದೀನಿ. ನೀರು ಹದಕ್ಕೆ ಬಂದಿದೆ, ಮೀನೂ ಬಿಟ್ಟಿದ್ದೀನಿ. ನಿನ್ನ ಹತ್ತಿರ ಇರೋ ನೇರಳೇದ್ರಿಂದ ಒಂದು ಕೊಂಬೆ ಕೊಡ್ತೀಯಾ? ನನ್ನದು ಅಂತ ಉಳಿದಿರೋದು ಅದೊಂದೇ."

"ಕೊಂಬೆ ಯಾಕೆ, ಪೂರ್ತಿ ಒಯ್ಯಿ" ಎಂದ ಶುಭ್ರಣ್ಣ. ಫೋನಿಟ್ಟು ತೊಟ್ಟಿಯ ಕಡೆ ತಿರುಗಿದ.

ಹವಳ ಬಿಳಿಚಿಕೊಂಡಿತ್ತು. ಒಂದೇ ದಿನದಲ್ಲಿ ಆದದ್ದಲ್ಲ, ಅವನಿಗೂ ಗೊತ್ತಿತ್ತು. ಕೆಲವು ತಿಂಗಳುಗಳಿಂದ ನೇರಳೆ ತೆಳುವಾಗುತ್ತಾ ಬರುತ್ತಿದ್ದರೂ ದೀಪದ ಬೆಳಕು ಹಾಗೆ ಕಾಣಿಸುತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ಗೆಳೆಯ ಕಳೆದುಕೊಂಡದ್ದರಲ್ಲಿ ಉಳಿದ ಒಂದೇ ತುಣುಕು ತನ್ನ ಮನೆಯಲ್ಲಿ, ತನ್ನ ಕೈಯಲ್ಲಿ ಸಾಯುತ್ತಿದೆ.

ಇಲ್ಲಿ ಅವನ ಅತ್ತೆಯ ವಿಷಯ ಹೇಳಬೇಕು. ಹೆಂಡತಿಯ ತಾಯಿ, ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಅಡುಗೆಯವರಾಗಿ ಜೀವಮಾನ ಸವೆಸಿದವರು. ಮಂಡಿ ನೋವು ಜಾಸ್ತಿಯಾಗಿ ಕೆಲಸ ಬಿಟ್ಟು ಮಗಳ ಮನೆಗೆ ಬಂದಿದ್ದರು. ಹಂಡೆಗಟ್ಟಲೆ ಬಡಿಸಿದ ಕೈಗೆ ಈ ಮನೆಯಲ್ಲಿ ಮೂರು ತಟ್ಟೆಯ ಕೆಲಸ ಯಾವ ಮೂಲೆಗೆ ಸಾಕು? ಅವರು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಮೀನುಗಳಿಗೆ ಊಟ ಹಾಕತೊಡಗಿದರು. ಮೀನುಗಳಿಗೆ ಹಾಸ್ಟೆಲಿನ ಹುಡುಗರ ಅಡ್ಡಹೆಸರುಗಳನ್ನೆಲ್ಲ ಇಟ್ಟರು. "ಏ ಡೊಳ್ಳ, ನಿಂದಾಯ್ತು, ಪಕ್ಕಕ್ಕೆ ಸರಿ. ಆ ಸಣಕಲ ಇನ್ನೂ ತಿಂದಿಲ್ಲ" ಎಂದು ಗದರುತ್ತಿದ್ದರೆ ಕೆಳಗಿನ ಕೌಂಟರಿನವರೆಗೂ ಕೇಳುತ್ತಿತ್ತು.

ದರ್ಜಿಯ ಫೋನ್ ಬರುವುದಕ್ಕೆ ಎಷ್ಟೋ ತಿಂಗಳು ಮೊದಲು ಒಂದು ದಿನ ಶುಭ್ರಣ್ಣನ ಕಣ್ಣಿಗೆ ಗಾಜಿನ ಮೇಲೆ ಹಸಿರು ಪಾಚಿಯ ಪದರ ಕಂಡಿತು. ಹವಳದ ಸಂದಿಯಲ್ಲಿ ಮೀನಿನ ಆಹಾರದ ಕಾಳೊಂದು ಸಿಕ್ಕಿಕೊಂಡಿತ್ತು. ಅವನ ಮಟ್ಟಿಗೆ ಅದು ಮದುಮಗನ ಅಂಗಿಗೆ ಬಿದ್ದ ಮಸಿ. "ಅತ್ತೆ, ಇನ್ಮೇಲೆ ಮೀನಿಗೆ ನಾನೇ ಹಾಕ್ತೀನಿ, ನಿಮಗ್ಯಾಕೆ ತೊಂದರೆ" ಎಂದು ಬಹಳ ವಿನಯದಿಂದ ಹೇಳಿ ಆಹಾರದ ಡಬ್ಬಿಯನ್ನು ಬೀರುವಿನ ಮೇಲೆ, ಅವರ ಕೈಗೆ ಎಟುಕದಲ್ಲಿಟ್ಟ. "ಸರಿ ಅಳಿಯಂದ್ರೇ" ಎಂದರು ಅವರು. ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಅವತ್ತಿನಿಂದ ಮನೆಯಲ್ಲಿ ಒಂದು ದನಿ ಕಡಿಮೆಯಾಯಿತು. ಶುಭ್ರಣ್ಣ ಅದನ್ನು ಗಮನಿಸಲಿಲ್ಲ, ಏಕೆಂದರೆ ಅವನು ತೊಳೆಯುತ್ತಿದ್ದ.

ಹೇಗೆ ತೊಳೆದ ಅಂತೀರಿ. ನೀರಿನ ಹೊಲಸನ್ನು ನೊರೆ ಮಾಡಿ ಹೊರಗೆ ತೆಗೆಯುವ ಯಂತ್ರವನ್ನು ಪೂರ್ತಿ ವೇಗಕ್ಕೆ ತಿರುಗಿಸಿದ. ಉಳಿದ ಕಲ್ಮಶವನ್ನು ಹೀರಿಕೊಳ್ಳುವ ಹರಳುಗಳ ಚೀಲವನ್ನು ಪಂಪಿನ ಬಾಯಿಗೆ ಕಟ್ಟಿದ. ವಾರ ವಾರವೂ ಬಕೆಟ್ಟುಗಟ್ಟಲೆ ಹೊಸ ಉಪ್ಪುನೀರು ಬೆರೆಸಿ ಹಳೆಯದನ್ನು ಚೆಲ್ಲಿದ. ಕೊನೆಗೆ ನೀರು ಎಷ್ಟು ತಿಳಿಯಾಯಿತೆಂದರೆ ಮನೆಗೆ ಬಂದವರು ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಕೇಳುವಂತಾಯಿತು. ನೀರಿನ ಕಲ್ಮಶ ಅಳೆಯುವ ಟೆಸ್ಟ್ ಕಿಟ್ಟಿನ ಪುಟ್ಟ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸುತ್ತಿದ್ದ. ಕಲ್ಮಶವಿದ್ದರೆ ಅದು ಗುಲಾಬಿಗೋ ನೀಲಿಗೋ ತಿರುಗಬೇಕು. ಅವನ ನಳಿಗೆ ಯಾವ ಬಣ್ಣಕ್ಕೂ ತಿರುಗುತ್ತಿರಲಿಲ್ಲ. "ನೋಡು, ಒಂದು ಚೂರೂ ಇಲ್ಲ" ಎನ್ನುವಾಗ ಅವನ ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನ ಕಳೆ.

ಈಗ ಹವಳ ಬಿಳಿಚಿಕೊಂಡಾಗಲೂ ಅವನು ಅನುಮಾನಿಸಿದ್ದು ಈ ತೊಳೆಯುವುದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ. ಮೊದಲು ದೀಪದ ಮೇಲೆ ಅನುಮಾನ. ಬೆಳಕು ತಗ್ಗಿಸಿದ, ಏನೂ ಆಗಲಿಲ್ಲ. ಏರಿಸಿದ, ಹವಳ ಇನ್ನಷ್ಟು ಬಿಳಿಚಿತು. ಗಾಬರಿಯಾಗಿ ಮತ್ತೆ ತಗ್ಗಿಸಿದ. ಆಮೇಲೆ ಬಿಸಿಯ ಮೇಲೆ ಅನುಮಾನ. ಒಂದು ಥರ್ಮಾಮೀಟರನ್ನು ನಂಬದೆ ಇನ್ನೊಂದು ಇಳಿಬಿಟ್ಟ, ಎರಡೂ ಒಂದೇ ಮಾತು ಹೇಳಿದವು. ಉಪ್ಪು ಅಳೆದ, ಸರಿಯಿತ್ತು. ಹಳದಿ ಮೀನು ಕದ್ದು ಹವಳ ಮೇಯುತ್ತಿದೆಯೇನೋ ಎಂದು ಪರದೆಯ ಹಿಂದೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಮೀನು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಅವನ ಹೆಂಡತಿ ಪರದೆಯ ಕೆಳಗೆ ಕಾಣುತ್ತಿದ್ದ ಪಾದಗಳನ್ನು ನೋಡಿ, "ರೀ, ಮೀನು ನಿಮ್ಮನ್ನ ನೋಡಿ ನಗ್ತಾ ಇದೆ" ಎಂದಳು. ಕಲೆ ಪರೀಕ್ಷಿಸುವ ಭೂತಗನ್ನಡಿ ತಂದು ಕೊಂಬೆ ಕೊಂಬೆಯಲ್ಲೂ ಹುಳು ಹುಡುಕಿದ. ಹುಳುವೂ ಇರಲಿಲ್ಲ. ಒಂದೊಂದು ಅನುಮಾನ ಸುಳ್ಳಾದಾಗಲೂ ಅವನು ಮುಟ್ಟುತ್ತಿದ್ದ ತೀರ್ಮಾನ ಒಂದೇ: ಯಾವುದಕ್ಕೂ ಇನ್ನೊಮ್ಮೆ ನೀರು ಬದಲಾಯಿಸಿಬಿಡೋಣ.

ಕೇಳಿದ್ದರೆ ಹೇಳುವವನು ಒಬ್ಬನಿದ್ದ. ಆದರೆ ಅವನನ್ನು ಯಾವ ಬಾಯಲ್ಲಿ ಕೇಳುವುದು? ದರ್ಜಿ ಆಗಾಗ ಫೋನ್ ಮಾಡಿ "ಯಾವಾಗ ಬರಲಿ?" ಎನ್ನುತ್ತಿದ್ದ. "ಈ ವಾರ ಬೇಡ, ಹೋಟೆಲಿನವರ ಚಾದರಗಳು ಬಂದು ಬಿದ್ದಿವೆ" ಎಂದು ಇವನು. ಮುಂದಿನ ಸಲ ಆವಿಯ ಯಂತ್ರ ಕೆಟ್ಟಿತ್ತು. ಅದರ ಮುಂದಿನ ಸಲ ಹೆಂಡತಿಗೆ ಜ್ವರ ಬಂದಿತ್ತು. ಜ್ವರ ಬಂದವಳು ಪಕ್ಕದಲ್ಲೇ ಕುಳಿತು ಕಡಲೆ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಶುಭ್ರಣ್ಣನಿಗೆ ಊಟ ರುಚಿಸುತ್ತಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಒಂದೊಂದು ಸುಳ್ಳಿಗೂ ಬೆವರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರು ಅಂಗಡಿಗೆ ಒಂದು ಉಣ್ಣೆಯ ಕೋಟು ತಂದರು. ಕಡುನೀಲಿ ಇದ್ದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ಶುಭ್ರಣ್ಣ ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, ಬೆಳಕಿಗೆ ಹಿಡಿದ.

"ಇದಕ್ಕೆ ಏನು ತಾಗಿದೆ ಅಂತ ನೋಡಿ. ಬಣ್ಣ ಹೋಗ್ತಾನೇ ಇದೆ. ನಾನೂ ಬಿಡದೆ ವಾರ ವಾರ ತೊಳೀತಿದ್ದೀನಿ" ಎಂದರು ಟೀಚರು.

"ಏನೂ ತಾಗಿಲ್ಲಮ್ಮ. ನೀವು ತೊಳೆದೂ ತೊಳೆದೂ ಹೀಗಾಗಿದೆ. ಕೊಳೆಯಿಂದ ಹೋದ ಬಣ್ಣ ಅಲ್ಲ ಇದು. ಉಣ್ಣೆಗೂ ಒಂದಿಷ್ಟು ಜಿಡ್ಡು ಬೇಕು, ಅದನ್ನೂ ತೆಗೆದುಬಿಟ್ರೆ ಅದರಲ್ಲಿ ಜೀವ ಎಲ್ಲಿರುತ್ತೆ? ಸ್ವಲ್ಪ ಸುಮ್ಮನೆ ಬಿಡಬೇಕು ಅದನ್ನ."

ಟೀಚರು ಹೋದಮೇಲೆ ಹೆಂಡತಿ ಕೌಂಟರಿಗೆ ಮೊಣಕೈ ಊರಿ, "ರೀ, ಎಷ್ಟು ಚೆನ್ನಾಗಿ ಹೇಳಿದ್ರಿ. ಮಹಡಿ ಹತ್ತಿ ಹೋಗಿ ಆ ಗಾಜಿನ ಪೆಟ್ಟಿಗೆ ಮುಂದೆ ನಿಂತು ಇದನ್ನೇ ಇನ್ನೊಂದು ಸಲ ಹೇಳ್ತೀರಾ?" ಎಂದಳು.

ಅವನು ನಕ್ಕ. ನಗುತ್ತಿದ್ದವನು ನಿಲ್ಲಿಸಿದ. ಕೋಟನ್ನು ಮಡಿಚಿ ಪಕ್ಕಕ್ಕಿಟ್ಟು, ಹೆಂಡತಿಯ ಮುಖ ನೋಡಿ, ಫೋನ್ ಎತ್ತಿಕೊಂಡ. ಈ ಸಲ ಚಾದರದ ಮಾತಿರಲಿಲ್ಲ.

"ನಿನ್ನ ಹವಳ ಬಿಳಿಚಿಕೊಂಡಿದೆ ಕಣೋ. ಇಷ್ಟು ದಿನ ಸುಳ್ಳು ಹೇಳ್ತಿದ್ದೆ. ಏನು ಮಾಡಿದ್ರೂ ಸರಿಹೋಗ್ತಿಲ್ಲ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಬಾಯಿ ಬಿಡ್ತಾ ಇದೆಯಾ? ಪುಟ್ಟ ಪುಟ್ಟ ಬಾಯಿಗಳು ಹೊರಗೆ ಬರ್ತವಾ?"

"ಸ್ವಲ್ಪ ಸ್ವಲ್ಪ ಬರ್ತವೆ."

"ಹಾಗಾದ್ರೆ ಸತ್ತಿಲ್ಲ. ನೀರು ಟೆಸ್ಟ್ ಮಾಡಿದ್ಯಾ? ನೈಟ್ರೇಟು, ಫಾಸ್ಫೇಟು? ಯಾವ ಬಣ್ಣ ಬಂತು?"

"ಬಣ್ಣ ಎಲ್ಲಿಂದ ಬರುತ್ತೆ? ಒಂದು ಚೂರೂ ಇಲ್ಲ. ಕನ್ನಡಿ ಥರ ಇದೆ" ಎಂದ ಶುಭ್ರಣ್ಣ. ಇಷ್ಟೆಲ್ಲ ಆದರೂ ದನಿಯಲ್ಲಿ ಒಂದಿಷ್ಟು ಜಂಬ ಇಣುಕಿತು.

ಫೋನಿನಲ್ಲಿ ದರ್ಜಿ ನಕ್ಕದ್ದು ಕೌಂಟರಿನಾಚೆಗೂ ಕೇಳಿತು. "ಅಯ್ಯೋ ಪುಣ್ಯಾತ್ಮ. ಅಳತೆ ಟೇಪು ತೊಳೆದ ಕೈ ಅಲ್ವಾ ಅದು. ಅದಕ್ಕೆ ರೋಗ ಏನಿಲ್ಲ, ಹಸಿವು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ, ಅದೇ ಬೆಳಕಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸೋದು. ಆ ಪಾಚಿಗೆ ಬೇಕಾದ ಸಾಮಾನೆಲ್ಲ ಬರೋದು ಮೀನಿನ ಹೊಲಸಿಂದ. ನೀನು ಅಡುಗೆಮನೆಯಲ್ಲಿ ಒಂದು ಕಾಳೂ ಉಳಿಸದೆ ಬರೀ ಪಾತ್ರೆ ತಿಕ್ತಾ ಕೂತಿದ್ದೀಯ."

ಶುಭ್ರಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ಆ ಹರಳಿನ ಚೀಲ ತೆಗಿ. ನೊರೆ ಯಂತ್ರ ತಗ್ಗಿಸು. ನೀರು ಬದಲಾಯಿಸೋದು ಕಡಿಮೆ ಮಾಡು. ಮೀನಿಗೆ ಊಟ ಜಾಸ್ತಿ ಮಾಡು, ಒಂದೇ ಸಲ ಅಲ್ಲ, ನಿಧಾನವಾಗಿ. ಈಗ ಎಷ್ಟು ಹಾಕ್ತೀಯ?"

"ಒಂದು ಚಿಟಿಕೆ. ದಿನ ಬಿಟ್ಟು ದಿನ."

"ಪಾಪ, ಮೀನುಗಳು. ಮೊದಲು ನಿಮ್ಮತ್ತೆ ಹಾಕ್ತಿದ್ರಲ್ಲ, ಏನಾಯ್ತು?"

ಶುಭ್ರಣ್ಣ ಮಹಡಿಯ ಮೆಟ್ಟಿಲ ಕಡೆ ನೋಡಿದ. ದರ್ಜಿಯೇ ಮಾತು ಮುಂದುವರಿಸಿದ. "ಹೋಗ್ಲಿ ಬಿಡು. ನಾನು ಕಾಯ್ತೀನಿ. ಸುಳ್ಳು ಮಾತ್ರ ಹೇಳಬೇಡ, ನಿನಗೆ ಅದು ಬರಲ್ಲ" ಎಂದು ಫೋನಿಟ್ಟ.

ಮಹಡಿ ಹತ್ತಿ, ಬೀರುವಿನ ಮೇಲಿಂದ ಡಬ್ಬಿ ಇಳಿಸಿ, ಅಭ್ಯಾಸಬಲದಿಂದ ಅದರ ಧೂಳು ಒರೆಸಿ, ಶುಭ್ರಣ್ಣ ಕಿಟಕಿಯ ಹತ್ತಿರ ಹೋದ. ಅತ್ತೆ ಬೀದಿ ನೋಡುತ್ತಾ ಬಟಾಣಿ ಸುಲಿಯುತ್ತಿದ್ದರು. ಮೂರು ಜನಕ್ಕೆ ಬೇಕಾದ್ದಕ್ಕಿಂತ ಬಟಾಣಿ ಬಹಳ ಜಾಸ್ತಿ ಇತ್ತು.

"ಅತ್ತೆ, ಮೀನುಗಳು ನಿಮ್ಮನ್ನ ಕೇಳ್ತಾ ಇವೆ."

ಅವರು ತಿರುಗಿ ನೋಡಲಿಲ್ಲ. "ಮೀನುಗಳು ಕೇಳ್ತಾ ಇವೆಯೋ, ಅಳಿಯಂದ್ರು ಕೇಳ್ತಾ ಇದ್ದಾರೋ?"

"ನಾನೇ. ನಂದು ತಪ್ಪಾಯ್ತು ಅತ್ತೆ. ಗಾಜು ಕೊಳೆ ಆಗುತ್ತೆ ಅಂತ ನಿಮ್ಮ ಕೈಯಿಂದ ಡಬ್ಬಿ ಕಿತ್ಕೊಂಡೆ. ಈಗ ಹವಳವೇ ಹಸಿದು ಸಾಯ್ತಾ ಇದೆ. ಅದು ಅವನದು, ನನ್ನದಲ್ಲ. ಉಳಿಸಿಕೊಡಿ."

ಅತ್ತೆಯ ಕೈ ಬಟಾಣಿಯ ಮೇಲೆ ನಿಂತಿತು. ಈ ಮನೆಗೆ ಬಂದಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಬೇಕೇ ಎಂದು ಕೇಳಿದವರಿದ್ದರು, ಕೊಡಿ ಎಂದು ಕೇಳಿದವರಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡರು.

"ಹಾಕ್ತೀನಿ. ಆದ್ರೆ ನಾನು ಹಾಕುವಾಗ ನೀವು ಪಕ್ಕದಲ್ಲಿ ಬಟ್ಟೆ ಹಿಡ್ಕೊಂಡು ನಿಲ್ಲಬಾರದು" ಎಂದರು. ಕುರ್ಚಿಯನ್ನು ಶುಭ್ರಣ್ಣನೇ ಎತ್ತಿ ತೊಟ್ಟಿಯ ಮುಂದೆ ತಂದಿಟ್ಟ.

ಆಮೇಲಿನ ದಿನಗಳು ಅವನ ಪಾಲಿಗೆ ಸುಲಭವಾಗಿರಲಿಲ್ಲ. ಗಾಜಿನ ಮೇಲೆ ಹಸಿರು ಮೂಡಿತು, ಅವನ ಅಂಗೈಗೆ ನವೆ ಶುರುವಾಯಿತು. ಹವಳ ಸುಧಾರಿಸುವ ಬದಲು ಕಂದು ಬಣ್ಣಕ್ಕೆ ತಿರುಗಿದಾಗ ಅವನಿಗೆ ತಡೆಯಲಾಗಲಿಲ್ಲ, ನೀರು ಹೊರಗೆಳೆಯುವ ಕೊಳವೆ ಹಿಡಿದು ತೊಟ್ಟಿಯ ಬಳಿ ನಿಂತೇಬಿಟ್ಟ. ಹೆಂಡತಿ ಕೈಯಿಂದ ಕಿತ್ತುಕೊಂಡಳು. ದರ್ಜಿಗೆ ಫೋನ್ ಮಾಡಿದರೆ, "ಮೈಯೊಳಗಿನ ಪಾಚಿ ತುಂಬಿಕೊಳ್ತಾ ಇದೆ. ಮೊದಲು ಹೊಟ್ಟೆ ತುಂಬಲಿ, ಆಮೇಲೆ ಬಣ್ಣ. ಕೈ ಕಟ್ಟಿ ಕೂರು" ಎಂದ. ಕೈ ಕಟ್ಟಿ ಕೂರುವುದು ಶುಭ್ರಣ್ಣ ಜೀವನದಲ್ಲಿ ಕಲಿಯದ ಒಂದೇ ಕೆಲಸ. ಹೆಂಡತಿ ಕೊಳವೆ, ಬ್ರಷ್ಷು, ಗಾಜು ಕೆರೆಯುವ ತಗಡು ಎಲ್ಲವನ್ನೂ ಅಂಗಡಿಯ ಕೋಟುಗಳ ಕಪಾಟಿನಲ್ಲಿ ಹಾಕಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಿರಾಕಿಯೊಬ್ಬರ ಕೋಟು ಕೊಡಲು ಕಪಾಟು ತೆರೆದಾಗಲೆಲ್ಲ ಗಂಡನ ಕಡೆ ಒಂದು ಕಣ್ಣಿಟ್ಟೇ ತೆರೆಯುತ್ತಿದ್ದಳು.

ಮನೆಯಲ್ಲಿ ಮಾತ್ರ ಮತ್ತೆ ಗದ್ದಲ ಶುರುವಾಗಿತ್ತು. ಅತ್ತೆ ಮೀನುಗಳಿಗೆ ಹಾಸ್ಟೆಲಿನ ಕತೆ ಹೇಳುತ್ತಾ ಊಟ ಹಾಕುತ್ತಿದ್ದರು. ಕದ್ದು ಬೆಲ್ಲ ತಿಂದ ಹುಡುಗ ಮುಂದೆ ಪೊಲೀಸನಾದದ್ದು, ಸಾರಿಗೆ ಉಪ್ಪು ಹಾಕಲು ಮರೆತ ದಿನ ಯಾರೂ ಬಾಯಿ ಬಿಡದೆ ಉಂಡು ಎದ್ದದ್ದು. ಬಟ್ಟೆ ಕೊಡಲು ಬಂದವರು ಮಹಡಿಯ ಮೆಟ್ಟಿಲ ಬಳಿ ನಿಂತು ಕೇಳಿ ನಕ್ಕು ಹೋಗುತ್ತಿದ್ದರು. ಶುಭ್ರಣ್ಣನೂ ಇಸ್ತ್ರಿ ಮಾಡುತ್ತಾ ಕೇಳುತ್ತಿದ್ದ. ಇಷ್ಟು ದಿನ ಮನೆಯಲ್ಲಿ ಏನೋ ಕಡಿಮೆಯಾಗಿತ್ತು ಎಂದು ಅವನಿಗೆ ಹೊಳೆದದ್ದು ಆಗಲೇ. ಹೊಳೆದಾಗ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ನೇರಳೆ ಮೊದಲು ಕಾಣಿಸಿದ್ದು ಕೊಂಬೆಗಳ ಬುಡದಲ್ಲಿ. ಅವನು ಮಹಡಿಯಿಂದಲೇ ಹೆಂಡತಿಯನ್ನು ಕೂಗಿದ ಕೂಗಿಗೆ ಅವಳು ಹೆದರಿ ಓಡಿಬಂದಳು, ಅವಳ ಹಿಂದೆ ಬಿಲ್ಲು ಕೈಯಲ್ಲಿ ಹಿಡಿದಿದ್ದ ಗಿರಾಕಿಯೂ ಓಡಿಬಂದ. ನಾಲ್ವರೂ ಗಾಜಿಗೆ ಮೂಗು ಒತ್ತಿ ನೋಡಿದರು. ಗಿರಾಕಿಗೆ ಏನೂ ತಿಳಿಯದಿದ್ದರೂ, "ಚೆನ್ನಾಗಿದೆ, ಚೆನ್ನಾಗಿದೆ" ಎಂದ. ಮುಂದೆ ಬಣ್ಣ ಕೊಂಬೆ ಕೊಂಬೆಗೆ ಏರಿತು. ತುದಿಗಳಲ್ಲಿ ಹೊಸ ಚಿಗುರು ಬಂದಾಗ ಶುಭ್ರಣ್ಣ ದರ್ಜಿಗೆ ಫೋನ್ ಮಾಡಿ, "ಬಾ" ಎಂದಷ್ಟೇ ಹೇಳಿದ.

ಭಾನುವಾರ ದರ್ಜಿ ಬಂದ. ಇಸ್ತ್ರಿ ಮಾಡಿದ ಕಾಲೊರಸಿನ ಮೇಲೆ ಧಾರಾಳವಾಗಿ ಕಾಲಿಟ್ಟು ಒಳಗೆ ಬಂದು, ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟ. ಮೂಗು ಒರೆಸಿಕೊಂಡು, "ಅದೇ ಬಣ್ಣ. ಮತ್ತೆ ನೋಡ್ತೀನಿ ಅಂದ್ಕೊಂಡಿರಲಿಲ್ಲ" ಎಂದ.

"ನಮ್ಮತ್ತೆ ಬೆಳೆಸಿದ್ದು. ಯಾವ ಕೊಂಬೆ ಕೊಡ್ಬೇಕು ಅಂತ ಅವರೇ ಹೇಳ್ಬೇಕು" ಎಂದ ಶುಭ್ರಣ್ಣ.

ಅತ್ತೆ ಎದ್ದು ಬಂದು, ಎಲ್ಲ ಕಡೆಯಿಂದಲೂ ನೋಡಿ, ನಡುವಿನ ಕೊಂಬೆಯತ್ತ ಬೆರಳು ತೋರಿಸಿದರು. ಅದು ಎಲ್ಲಕ್ಕಿಂತ ಎತ್ತರದ್ದು, ಎಲ್ಲಕ್ಕಿಂತ ಗಾಢವಾದದ್ದು. ಶುಭ್ರಣ್ಣ ಪಕ್ಕದ ಚಿಕ್ಕದರ ಕಡೆ ನೋಡಿದ. ದರ್ಜಿಯೇ, "ಅಷ್ಟು ದೊಡ್ಡದು ಬೇಡಮ್ಮ, ಪಕ್ಕದ ಚಿಕ್ಕದು ಸಾಕು" ಎಂದ. "ಸುಮ್ಮನಿರಪ್ಪ. ಬಡಿಸೋಳು ನಾನು" ಎಂದರು ಅತ್ತೆ. ಶುಭ್ರಣ್ಣ ತೋಳು ಮಡಿಚಿ, ನೀರಿಗೆ ಕೈ ಇಳಿಸಿ, ಅದನ್ನೇ ಕತ್ತರಿಸಿ ಕೊಟ್ಟ. ಬಸ್ಸಿನಲ್ಲಿ ನೀರು ತುಳುಕದಿರಲಿ ಎಂದು ದರ್ಜಿ ಕೊಂಬೆಯಿಟ್ಟ ಉಪ್ಪುನೀರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಮರುದಿನ ಇಡೀ ಬೆಳಿಗ್ಗೆ ಶುಭ್ರಣ್ಣನ ಕೈ ಇಸ್ತ್ರಿಯಲ್ಲಿ, ಕಿವಿ ಫೋನಿನಲ್ಲಿ. ಒಂದು ಅಂಗಿಯ ತೋಳನ್ನು ಎರಡು ಸಲ ಉಜ್ಜಿದ, ಇನ್ನೊಂದರದನ್ನು ಉಜ್ಜದೆಯೇ ಮಡಿಚಿದ. ಊಟದ ಹೊತ್ತಿಗೆ ಫೋನ್ ಬಂತು.

"ಬಾಯಿ ಬಿಟ್ಟಿದೆ ಕಣೋ. ಎಲ್ಲಾ ಬಿಟ್ಟಿವೆ" ಎಂದ ದರ್ಜಿ.

ಶುಭ್ರಣ್ಣ ಮೆಟ್ಟಿಲ ಬುಡಕ್ಕೆ ಓಡಿ ಮೇಲಕ್ಕೆ ಕೂಗಿದ. "ಅತ್ತೆ, ಅಲ್ಲಿ ಬಾಯಿ ಬಿಟ್ಟಿದೆಯಂತೆ."

ಮೇಲಿನಿಂದ ಉತ್ತರ ಬಂತು. "ಬಾಯಿ ಬಿಟ್ಟ ಮೇಲೆ ಇನ್ನೇನು ನೋಡ್ತಾ ಕೂತಿದ್ದಾರೆ? ಮೀನಿಗೆ ಊಟ ಹಾಕೋಕೆ ಹೇಳಿ."